ಪೂಜೆಗೆ ಕೂತ ಫ್ಯೂಜು

ನಮ್ಮ ಮನೆಯ ಖಂಡೆ ಪೂಜೆಯಲ್ಲಿ, ಅಂದರೆ ದಸರೆಯ ಆಯುಧ ಪೂಜೆಯಲ್ಲಿ, ಒಂದು ಪದ್ಧತಿ ಇದೆ. ನೋಡಿದವರು ನಗುತ್ತಾರೆ, ನಗಲಿ ಬಿಡಿ ಎಂದು ನಾನು ಸುಮ್ಮನಿರುತ್ತೇನೆ. ಕುಡಗೋಲು, ಕತ್ತರಿ, ಈಳಿಗೆ, ಹೊಲಿಗೆಯ ಮಷಿನ್ನು, ಕಿರಿಯ ಮೊಮ್ಮಗನ ಸೈಕಲ್ಲು ಎಲ್ಲವೂ ವಿಭೂತಿ ಕುಂಕುಮ ಹಚ್ಚಿಸಿಕೊಂಡು ಮದುಮಕ್ಕಳ ಹಾಗೆ ಕೂತವೆಂದರೆ ಮರುದಿನ ಬನ್ನಿ ಮನೆಗೆ ಬರುವ ತನಕ ಕದಲುವ ಹಾಗಿಲ್ಲ. ಆದರೆ ಕರೆಂಟಿನ ಫ್ಯೂಜು, ಮತ್ತೆ ಸ್ಕ್ರೂ ತಿರುಗಿಸುವ ಒಂದು ಹಳೆಯ ಪೇಚಕಸ, ಇವೆರಡನ್ನು ಮಾತ್ರ ಹೂ ಏರಿಸಿದ ಕೂಡಲೇ ನಾನು “ಏಳ್ರಪಾ, ನಿಮ್ಮ ಪೂಜಿ ಆತು” ಎಂದು ಎಬ್ಬಿಸಿಬಿಡುತ್ತೇನೆ. ಈ ವರ್ಷ ಹೊಸದಾಗಿ ಬಂದ ಹಿರಿಯ ಮೊಮ್ಮಗನ ಹೆಂಡತಿ, ಇವಕ್ಕೆ ಮಾತ್ರ ಯಾಕಜ್ಜಿ ಇಷ್ಟು ಗಡಿಬಿಡಿ ಎಂದು ಕೇಳಿದಳು. ಹೇಳುತ್ತೇನೆ ಕೂತುಕೋ ಎಂದೆ. ಅವಳಿಗೆ ಹೋಳಿಗೆ ಮಾಡುವುದಿತ್ತು, ಎದ್ದುಹೋದಳು. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ.

ನಾನು ಬಾಬಲೇಶ್ವರದ ಹುಡುಗಿ. ದೊಡ್ಡ ಲಡಾಯಿ, ಅಂದರೆ ಎರಡನೇ ಮಹಾಯುದ್ಧ, ನಡೆದಿದ್ದ ಕಾಲದಲ್ಲಿ ಮದುವೆಯಾಗಿ ವಿಜಾಪುರಕ್ಕೆ ಬಂದೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ದೊಡ್ಡ ವಾಡೆ, ಅದರಲ್ಲಿ ಬಾಡಿಗೆಗಿದ್ದ ಕೆಲವು ಸಂಸಾರಗಳು. ನಮ್ಮದು ಹೆಬ್ಬಾಗಿಲ ಪಕ್ಕದ ಭಾಗ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಅದಕ್ಕೆ ಹೊಂದಿ ದೇವರಮನೆ. ಊರ ಮಂದಿಗೆಲ್ಲ ನಾನು ಕರೆಂಟಿನ ಮನೆಗೆ ಹೋದ ಭಾಗ್ಯವಂತೆ. ತವರಿನಲ್ಲಿ ದಿನಾ ಮಧ್ಯಾಹ್ನ ಕಂದೀಲಿನ ಗಾಜು ಬಿಚ್ಚಿ, ಬೂದಿ ಹಚ್ಚಿ, ಮಸಿ ಒರೆಸಿ ಇಡುವುದು ನನ್ನ ಕೆಲಸವಾಗಿತ್ತು. ಅತ್ತೆಮನೆಗೆ ಬಂದ ಮರುದಿನವೇ ನಾನು ಮಣೆಯ ಮೇಲೊಂದು ಮಣೆ ಇಟ್ಟು ಹತ್ತಿ, ಪಡಸಾಲೆಯ ಬಲ್ಬಿಗೆ ಒಲೆಯ ಬೂದಿ ಹಚ್ಚಿ ತಿಕ್ಕಿದೆ. ಮಸಿ ಏನೂ ಬರಲಿಲ್ಲ. ಮಂದಿ ಇಷ್ಟು ಸ್ವಚ್ಛ ಇಟ್ಟಿದ್ದಾರಲ್ಲ ಎಂದು ಮನಸ್ಸಿನಲ್ಲೇ ಹೊಗಳಿದೆ. ನಮ್ಮತ್ತೆ ಕೆಳಗೆ ನಿಂತು ನೋಡಿ, ಕೆಲಸದ ಹುಡುಗಿ ಸಿಕ್ಕಾಳ ಎಂದು ಖುಷಿಪಟ್ಟರು. ನಾವಿಬ್ಬರೂ ಒಂದೇ ಸಾಲಿಯವರು ಎಂದು ಅವತ್ತೇ ಗೊತ್ತಾಯಿತು.

ಅತ್ತೆಗೆ ಕರೆಂಟಿನ ಮೇಲೆ ಭಕ್ತಿಯೂ ಇತ್ತು, ಜಿಪುಣತನವೂ ಇತ್ತು. ಅದು ಎಲ್ಲಿಂದ ಬರುತ್ತದೋ ಕಾಣುವುದಿಲ್ಲ, ಅಂದಮೇಲೆ ಎಷ್ಟು ಉಳಿದಿದೆಯೋ ಯಾರು ಬಲ್ಲರು ಎಂಬುದು ಅವರ ಲೆಕ್ಕ. ಆಕಾಶದಲ್ಲಿ ಚಿಕ್ಕಿ ಕಾಣುವ ತನಕ ಗುಂಡಿ ಒತ್ತಲು ಬಿಡುತ್ತಿರಲಿಲ್ಲ. ನಾವು ಮೂಗಿಗೆ ಮೂಗು ತಾಗುವ ಕತ್ತಲೆಯಲ್ಲಿ ತಡಕಾಡಿದ ಮೇಲೆ ತಾವೇ ಬಂದು ದೀಪ ಹಚ್ಚಿ, ಬಲ್ಬಿಗೆ ಶರಣು ಮಾಡಿ, ಕೆನ್ನೆ ಮುಟ್ಟಿಕೊಳ್ಳುತ್ತಿದ್ದರು. ನಾನೂ ಮುಟ್ಟಿಕೊಳ್ಳುತ್ತಿದ್ದೆ. ಈಗಲೂ ಮುಟ್ಟಿಕೊಳ್ಳುತ್ತೇನೆ, ನಗಬೇಡಿ.

ಇನ್ನು ಹುಸೇನಬಿಯ ಮಾತು. ಅವಳು ತಿಕೋಟೆಯವಳು, ಬಳೆ ಮಾರುವವಳು. ಬೆಳಗಿನ ಮೋಟಾರಿಗೆ ಬಂದು, ತಲೆಯ ಮೇಲೆ ಬುಟ್ಟಿ ಹೊತ್ತು, ವಿಜಾಪುರದ ಓಣಿ ಓಣಿ ತಿರುಗುತ್ತಿದ್ದಳು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ, ಗೋಡೆಗೆ ಕೈ ಇಟ್ಟರೆ ಚುರ್ ಎನ್ನುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವಳ ಮುಖ ಬಾಡಿ ಬದನೆಕಾಯಿಯಾಗಿರುತ್ತಿತ್ತು. ವಾಡೆಯ ಹೆಂಗಸರ ಕೈಗಳೆಲ್ಲ ಅವಳಿಗೆ ಪಾಠವಾಗಿದ್ದವು. ನನ್ನ ಕೈ ಹಿಚುಕಿ ಹಿಚುಕಿ ಬಳೆ ಇಡಿಸುತ್ತ, ಬಾಬಲೇಶ್ವರದ ಕೈ ಜೋಳದ ದಂಟು ಇದ್ದಂಗ ಐತಿ ಬಿಡು ಎಂದು ಕಾಡುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ದಸ್ತಗೀರ. ಮಿಲಿಟರಿಗೆ ಹೋಗಿ ಸಮುದ್ರದಾಚೆ ಎಲ್ಲಿದ್ದಾನೋ ಗೊತ್ತಿರಲಿಲ್ಲ. ಕಾಲಿಗೆ ಗಾಯವಾಗಿದೆ ಎಂಬ ಕಾಗದ ಬಂದದ್ದೇ ಕೊನೆ, ಬಹಳ ದಿನದಿಂದ ಅವನದು ಸುದ್ದಿಯೇ ಇರಲಿಲ್ಲ. ಇದ್ದಾನೋ ಇಲ್ಲವೋ ಎಂಬ ಮಾತು ಬಂದಾಗಲೆಲ್ಲ ಅವಳು ಬುಟ್ಟಿಯೊಳಗಿನ ಬಳೆಗಳನ್ನು ಸುಮ್ಮನೆ ಆಚೆ ಈಚೆ ಸರಿಸುತ್ತಿದ್ದಳು.

ನಮ್ಮ ಮಾವನವರದು ಅರಿವೆ ಅಂಗಡಿ. ಅವರ ಹತ್ತಿರ ಒಂದು ರೇಡಿಯೋ ಇತ್ತು. ಹೊಸ ಸೊಸೆಯ ಟ್ರಂಕಿನಷ್ಟು ದೊಡ್ಡದು. ಅದು ಮಾವನವರ ಎರಡನೇ ಹೆಂಡತಿ ಎಂದು ಅತ್ತೆ ಸಿಟ್ಟು ಮಾಡುತ್ತಿದ್ದರು. ಪ್ರತಿ ರವಿವಾರ ಸಂಜೆ ಸುದ್ದಿ ಮುಗಿದ ಮೇಲೆ ಅದರಲ್ಲಿ ದೂರದ ಸಿಪಾಯಿಗಳು ತಮ್ಮ ಮನೆಯವರಿಗೆ ಹೇಳಿದ ಒಂದೊಂದು ಮಾತು ಬರುತ್ತಿತ್ತು. ಬಾಬಲೇಶ್ವರದ ನಮ್ಮೂರ ಹುಡುಗನೊಬ್ಬ ರಜೆಗೆ ಬಂದವನು, ದಸ್ತಗೀರನೂ ನನ್ನ ಹಿಂದೆ ಸಾಲಿನಲ್ಲಿ ನಿಂತು ದನಿ ಹಿಡಿದಿಡುವ ಮಷಿನ್ನಿನ ಮುಂದೆ ಮಾತಾಡಿದ್ದಾನೆ ಎಂದು ಹೇಳಿದ್ದ. ಅವನ ಮಾತು ಬಂದು ಹೋಗಿತ್ತು, ದಸ್ತಗೀರನದು ಬಂದಿರಲಿಲ್ಲ. ಹಿಂದಿನ ವಾರ ಅವರ ಪಲಟಣಿಯ ಹೆಸರು ಹೇಳಿ, ಉಳಿದವರ ದನಿ ಮುಂದಿನ ರವಿವಾರ ಎಂದಿದ್ದರು. ಆ ರವಿವಾರವೇ ಖಂಡೆ ಪೂಜೆ ಬಿದ್ದಿತ್ತು. ಬಂದು ಹೋದ ದನಿ ಮತ್ತೆ ಬರುವುದಿಲ್ಲ ಎಂದು ಮಾವನವರು ಹುಸೇನಬಿಗೆ ಬಿಡಿಸಿ ಹೇಳಿದ್ದರು.

ಬಾಯಿಯೇ ಕಾಣದೆ ದನಿ ಹೇಗೆ ಬರುತ್ತದೆ ಎಂದು ಹುಸೇನಬಿಗೆ ಅನುಮಾನ. ನಮ್ಮವರು, ಅಂದರೆ ನನ್ನ ಯಜಮಾನರು, ಸಾಲಿ ಮಾಸ್ತರರು, ಅವಳಿಗೆ ಗೋಳಗುಮ್ಮಟದ ಉದಾಹರಣೆ ಕೊಟ್ಟರು. ಅಲ್ಲಿ ಈ ಕಡೆಯ ಗೋಡೆಗೆ ಪಿಸುಗುಟ್ಟಿದರೆ ಆ ಕಡೆ ಕೂತವರಿಗೆ ಕೇಳುವುದಿಲ್ಲವೇ, ಹಾಗೆಯೇ ಇದು, ಗೋಡೆ ಸ್ವಲ್ಪ ದೂರ ಅಷ್ಟೇ ಎಂದರು. ಅವಳ ತಂಗಿಯ ಮನೆ ಗುಮ್ಮಟದ ಮಗ್ಗುಲಿಗೇ ಇದ್ದುದರಿಂದ ಈ ಮಾತು ಅವಳ ಮನಸ್ಸಿಗೆ ಪೂರ್ತಿ ಹತ್ತಿತು.

ಆ ದಿನ ಬೆಳಿಗ್ಗೆ ಏನಾಯಿತೆಂದು ನಮಗೆ ತಿಳಿದದ್ದು ಸಂಜೆಗೆ. ಆದರೂ ಈಗಲೇ ಹೇಳಿಬಿಡುತ್ತೇನೆ. ಪೂಜೆಗೆ ಇಡುವ ಸಾಮಾನುಗಳನ್ನೆಲ್ಲ ತೊಳೆದು ಬೆಳಗುವುದು ಪದ್ಧತಿ. ಮನೆಗೆಲ್ಲ ಬೆಳಕು ಕೊಡುವ, ಗೋಡೆಯ ಮೇಲಿನ ಕರೆಂಟಿನ ಹಲಗೆಗೆ ಪೂಜೆ ಇಲ್ಲದಿದ್ದರೆ ಹೇಗೆ ಎಂದು ಅತ್ತೆಗೆ ಅನ್ನಿಸಿದೆ. ನಮ್ಮವರಿಂದ ಮೇನಿನ ಹಿಡಿಕೆ ಕೆಳಗೆ ಎಳೆಸಿದ್ದಾರೆ. ಅವರು ಜಳಕಕ್ಕೆ ಹೋದ ಮೇಲೆ, ಹಲಗೆಯಲ್ಲಿದ್ದ ಎರಡು ಬಿಳಿ ಪಿಂಗಾಣಿ ತುಂಡುಗಳನ್ನು, ಅಂದರೆ ಫ್ಯೂಜುಗಳನ್ನು, ಕಿತ್ತುಕೊಂಡು, ಹಿತ್ತಾಳೆ ಪಾತ್ರೆಗಳ ಜೊತೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ತಿರುಗಿ ಕೂಡಿಸಿ, ವಿಭೂತಿ ಎಳೆದು, ಚೆಂಡುಹೂ ಸಿಕ್ಕಿಸಿದ್ದಾರೆ. ನಮ್ಮವರು ಬಂದು ಹೂ ಕಂಡು ಕೈಮುಗಿದು ಹಿಡಿಕೆ ಮೇಲೆತ್ತಿದರು. ಹಗಲು ಹೊತ್ತು ನಮ್ಮ ಮನೆಯಲ್ಲಿ ದೀಪ ಹಚ್ಚುವ ಗಂಡಸು ಹುಟ್ಟಿರಲಿಲ್ಲ, ಹೀಗಾಗಿ ಯಾರಿಗೂ ಏನೂ ಗೊತ್ತಾಗಲಿಲ್ಲ.

ಸಂಜೆಗೆ ಹುಸೇನಬಿ ಬಂದಳು. ಹಬ್ಬದ ದಿನ ಬಳೆ ಮಾರುವುದಿಲ್ಲ, ಆದರೂ ಬುಟ್ಟಿ ಇತ್ತು. ಬುಟ್ಟಿ ಇಲ್ಲದೆ ಅವಳಿಗೆ ನಡೆಯಲು ಬರುತ್ತಿರಲಿಲ್ಲವೆಂದು ಕಾಣುತ್ತದೆ. ಪಡಸಾಲೆಯಲ್ಲಿ ರೇಡಿಯೋದ ಎದುರಿಗೆ, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಹಿರಿಯರ ಮುಂದೆ ಕೂತ ಹಾಗೆ ಕೂತಳು. ಅತ್ತೆ ಅಡುಗೆಮನೆಯ ದೀಪ ಹಚ್ಚಿದರು, ಹತ್ತಿತು. ದೇವರಮನೆಯದು ಹತ್ತಿತು. ಪಡಸಾಲೆಯ ಗುಂಡಿ ಒತ್ತಿದರು, ಹತ್ತಲಿಲ್ಲ. ಮಾವನವರು ರೇಡಿಯೋದ ಕಿವಿ ಹಿಂಡಿದರು, ಅದೂ ಉಸಿರಾಡಲಿಲ್ಲ. ಹಿಂದಿನ ಅರ್ಧ ಮನೆ ಬೆಳಕು, ಮುಂದಿನ ಅರ್ಧ ಕತ್ತಲೆ.

ಮೊದಲು ಬಲ್ಬಿನ ಮೇಲೆ ಅನುಮಾನ. ಅಡುಗೆಮನೆಯ ಬಲ್ಬು ಬಿಚ್ಚಿ ತಂದು ಪಡಸಾಲೆಗೆ ಹಾಕಿದರು, ಆಗಲಿಲ್ಲ. ಪಡಸಾಲೆಯದನ್ನು ಅಡುಗೆಮನೆಗೆ ಹಾಕಿದರೆ ಲಕ್ಕಂತ ಹತ್ತಿತು. ನಾನು ಓಡಿಹೋಗಿ ಮಗ್ಗುಲ ಮನೆಯಲ್ಲಿ ಇಣುಕಿದೆ, ಅವರದು ಸೊಗಸಾಗಿ ಉರಿಯುತ್ತಿತ್ತು. ಅಂದರೆ ಕಂಪನಿಯ ತಪ್ಪಲ್ಲ, ಬಲ್ಬಿನ ತಪ್ಪಲ್ಲ, ನಮ್ಮ ಮನೆಯದೇ ಏನೋ. ರೇಡಿಯೋವನ್ನೇ ಅಡುಗೆಮನೆಗೆ ಹೊತ್ತರಾಯಿತು ಎಂದರು ಮಾವನವರು. ಅಲ್ಲಾಗಲಿ ಮಗ್ಗುಲ ಮನೆಯಲ್ಲಾಗಲಿ ಅದರ ಮುಳ್ಳು, ಅಂದರೆ ಪ್ಲಗ್ಗು, ಚುಚ್ಚಲು ಜಾಗವಿರಲಿಲ್ಲ. ಮಾಳಿಗೆಯಿಂದ ಬೇವಿನ ಗಿಡಕ್ಕೆ ಕಟ್ಟಿದ ಅದರ ಏರಿಯಲ್ ತಂತಿ ಪಡಸಾಲೆಯ ಕಿಟಕಿ ದಾಟಿ ಅಡುಗೆಮನೆಯ ತನಕ ಬರುವಷ್ಟು ಉದ್ದವೂ ಇರಲಿಲ್ಲ. ಬಜಾರದ ಚಹಾದ ಅಂಗಡಿಯಲ್ಲಿ ಒಂದು ರೇಡಿಯೋ ಇತ್ತು. ಅದಕ್ಕೂ ಪೂಜೆ, ಅಂಗಡಿಗೆ ಕೀಲಿ. ಎದುರು ಓಣಿಯ ವಕೀಲರ ಮನೆಯಲ್ಲಿ ಒಂದಿತ್ತು, ಅವರು ಹಬ್ಬಕ್ಕೆ ಊರಿಗೆ ಹೋಗಿದ್ದರು. ವೈರಿಂಗಿನವನೂ ತನ್ನ ಸಾಮಾನುಗಳನ್ನು ಪೂಜೆಗಿಟ್ಟು ಕೈಕಟ್ಟಿ ಕೂತಿರುತ್ತಾನೆ. ಎಲ್ಲ ದಾರಿಯೂ ಒಂದೊಂದಾಗಿ ಮುಚ್ಚಿದವು.

ಗುಡಿಯ ಸಂಜೆಯ ಗಂಟೆ ಕೇಳಿಸಿತು. ಅಂದರೆ ಸುದ್ದಿ ಶುರುವಾಗುವ ಹೊತ್ತು. ಸುದ್ದಿ ಮುಗಿದರೆ ಸಿಪಾಯಿಗಳು. ನಮ್ಮವರು ಈ ಕಡೆ ಹೋದರೆ ಈ ಕಡೆ, ಆ ಕಡೆ ಹೋದರೆ ಆ ಕಡೆ, ಹುಸೇನಬಿಯ ಕಣ್ಣು ತಿರುಗುತ್ತಿತ್ತು.

ಫ್ಯೂಜೇ ಹೋಗಿರಬೇಕು ಎಂದು ನಮ್ಮವರು ಹಲಗೆಯ ಕಡೆ ನಡೆದರು. ಅತ್ತೆ ಹೋಗಿ ಅಡ್ಡ ನಿಂತರು. ಪೂಜೆಗೆ ಕೂತದ್ದನ್ನು ಬನ್ನಿ ಬರುವ ತನಕ ಮುಟ್ಟಬಾರದು ಎಂದರು. ಪೇಚಕಸವೂ ದೇವರಮನೆಯಲ್ಲಿ ಕುಡಗೋಲಿನ ಮಗ್ಗುಲಿಗೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಮಾವನವರು ಬೈದರು, ಮಗ ವಾದ ಮಾಡಿದ. ಅತ್ತೆ ಜಗ್ಗಲಿಲ್ಲ.

ನಾನು ಆಗ ಅವರನ್ನು ಕಲ್ಲುಮನಸ್ಸಿನವರು ಎಂದುಕೊಂಡೆ. ಆದರೆ ಅವರದು ಅಂಜಿಕೆ. ಅವರ ತವರು ಕಳ್ಳಕವಟಗಿ. ಅಲ್ಲಿ ಅವರ ಬೆನ್ನಿಗೆ ಬಿದ್ದ ತಮ್ಮ ಒಂದು ವರ್ಷ ಖಂಡೆ ಪೂಜೆಯ ದಿನವೇ, ಪೂಜೆಗಿಟ್ಟ ಕೊಡಲಿ ಎತ್ತಿಕೊಂಡು ಬೇಲಿ ಕಡಿಯಲು ಹೋಗಿದ್ದನಂತೆ. ಆ ದೀಪಾವಳಿಗೆ ಅವನಿರಲಿಲ್ಲ. ಹಾವು ಕಚ್ಚಿತ್ತು ಎಂದು ಊರವರು ಹೇಳುತ್ತಿದ್ದರು. ಕೊಡಲಿ ಎತ್ತಿದ್ದಕ್ಕೆ ಎಂದು ಅತ್ತೆ ಹೇಳುತ್ತಿದ್ದರು. ಈಗ ಹಲಗೆಗೆ ಕೈ ಹಾಕುತ್ತಿದ್ದವನು ಅವರ ಹೊಟ್ಟೆಯಲ್ಲಿ ಹುಟ್ಟಿದವನು, ಅದೂ ಕರೆಂಟಿಗೆ. ನನ್ನ ಗಂಡನೂ ಅವನೇ ಎಂಬುದು ನನಗೆ ಆ ಹೊತ್ತಿಗೆ ನೆನಪಾಯಿತು, ನಾನೂ ಬಾಯಿ ಮುಚ್ಚಿಕೊಂಡೆ.

ಆಗ ಹುಸೇನಬಿ ಎದ್ದಳು. ಸಿಂಬಿ ಸುತ್ತಿ ತಲೆಯ ಮೇಲಿಟ್ಟು ಬುಟ್ಟಿಗೆ ಕೈ ಹಾಕಿದಳು.

“ಬ್ಯಾಡ್ರಿ ಅಕ್ಕಾರ. ನಿಮ್ಮ ದೇವರನ್ನ ನನ್ನ ಸಲುವಾಗಿ ಅಲುಗಾಡಿಸಬ್ಯಾಡ್ರಿ. ಅವ ಎಲ್ಲೆರ ಇರ್ಲಿ, ಆರಾಮ ಇದ್ದರ ಸಾಕು.”

ಅವಳ ದನಿಯಲ್ಲಿ ಚೂರೂ ಸಿಟ್ಟಿರಲಿಲ್ಲ. ಇದ್ದಿದ್ದರೆ ಅತ್ತೆ ಇನ್ನೂ ಗಟ್ಟಿಯಾಗುತ್ತಿದ್ದರೋ ಏನೋ. ಬುಟ್ಟಿ ಅರ್ಧ ಎದ್ದಿತ್ತು, ಬಳೆ ಗಲಗಲ ಎಂದವು. ಅತ್ತೆ ಹೋಗಿ ಆ ಬುಟ್ಟಿಯನ್ನು ಎರಡೂ ಕೈಯಿಂದ ಒತ್ತಿ ನೆಲಕ್ಕೆ ಕೂಡಿಸಿದರು. ಮಗನ ಕಡೆ ತಿರುಗಿ, ಹಿಡಿಕೆ ಕೆಳಗೆ ಎಳೆ ಎಂದರು. ದೇವರಮನೆಗೆ ಹೋಗಿ ನೀರು ಚಿಮುಕಿಸಿ ಪೇಚಕಸ ಎತ್ತಿಕೊಂಡು ಬಂದರು. ಹಿಡಿಕೆ ಇಳಿಸಿದ್ದರಿಂದ ಈಗ ಮನೆಯೆಲ್ಲ ಕತ್ತಲೆ. ನಾನು ಕಂದೀಲು ಹಿಡಿದು ನಿಂತಿದ್ದೆ, ನನಗೆ ಬರುತ್ತಿದ್ದ ಒಂದೇ ವಿದ್ಯೆ ಅದು. ನಮ್ಮವರು ಹೂವಿಗೆ ಕೈ ಚಾಚಿದರು.

“ನೀ ಮುಟಬ್ಯಾಡ. ನಾನ ಕುಂಡ್ರಿಸೇನಿ, ನಾನ ಎಬ್ಬಸ್ತೇನಿ. ಪಾಪ ಬಂದರ ನನಗ ಬರ್ಲಿ.”

ಅತ್ತೆ ಹೂ ತೆಗೆದು ಕಣ್ಣಿಗೊತ್ತಿಕೊಂಡು, ಒಂದು ಪಿಂಗಾಣಿ ತುಂಡನ್ನು ಕಿತ್ತು ಮಗನ ಕೈಗೆ ಕೊಟ್ಟರು. ನಮ್ಮವರು ಅದನ್ನು ಕಂದೀಲಿನ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಹಲ್ಲು ಉಜ್ಜಿದ ಹಾಗೆ ಫಳಫಳ ಎನ್ನುತ್ತಿತ್ತು. ಒಳಗೆ ತಂತಿಯೇ ಇರಲಿಲ್ಲ. ಸುಟ್ಟು ಹೋಗಿದ್ದರೆ ಕರಿ ಕಲೆಯಾದರೂ ಇರಬೇಕಲ್ಲ, ತಂತಿ ಎಲ್ಲಿ ಹೋಯಿತು ಎಂದು ಕೇಳಿದರು. ಅತ್ತೆ ಹೂವನ್ನು ಸೆರಗಿಗೆ ಕಟ್ಟಿಕೊಂಡರು. ಆಮೇಲೆ, ಕೂದಲಿನಂಥದೇನೋ ಸಿಕ್ಕಿಕೊಂಡಿತ್ತು, ಹೊಲಸು ಎಂದುಕೊಂಡು ಕಿತ್ತು ಒಗೆದೆ ಎಂದರು. ಎರಡನೆಯದರಲ್ಲೂ ಇತ್ತಂತೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿದ್ದರಿಂದ ಅದನ್ನು ಬರೀ ಮೇಲೆ ಮೇಲೆ ತಿಕ್ಕಿ ಬಿಟ್ಟಿದ್ದರಂತೆ. ಹಾಲು ಉಕ್ಕಿದ್ದಕ್ಕೆ ನಮ್ಮ ಅರ್ಧ ಮನೆ ಉಳಿದಿತ್ತು. ಬೇರೆ ದಿನವಾಗಿದ್ದರೆ ವಾಡೆಯೇ ಬಿದ್ದು ಬಿದ್ದು ನಗುತ್ತಿತ್ತು. ಅವತ್ತು ಯಾರೂ ನಗಲಿಲ್ಲ. ಬಲ್ಬಿಗೆ ಬೂದಿ ತಿಕ್ಕಿದವಳಂತೂ ನಗುವ ಹಾಗೇ ಇರಲಿಲ್ಲ.

ತಂತಿ ಬೇಕಲ್ಲ. ಹಳೆಯ ವೈರಿನ ತುಂಡೊಂದು ಅಟ್ಟದ ಮೇಲಿತ್ತು. ಅದನ್ನು ಹಲ್ಲಿನಿಂದ ಸುಲಿದು, ಒಳಗಿನ ಒಂದೇ ಒಂದು ಎಳೆ ಎಳೆದು, ನಮ್ಮವರು ಪಿಂಗಾಣಿಯೊಳಗೆ ಸುತ್ತಿದರು. ಪೇಚಕಸ ಸ್ಕ್ರೂವಿನಿಂದ ಜಾರಿತು, ಮತ್ತೆ ಹಿಡಿದರು, ಮತ್ತೆ ಜಾರಿತು. ಮಗ್ಗುಲ ಮನೆಯ ಮಂದಿ ಊಟಕ್ಕೆ ಕರೆಯುವ ಸದ್ದು ಕೇಳುತ್ತಿತ್ತು. ಸುದ್ದಿ ಮುಗಿದು ಹೋಗಿರುತ್ತದೆ ಎಂದು ಮಾವನವರು ಗೊಣಗಿದರು. ಅತ್ತೆ ಅವರನ್ನು ಒಂದು ಸಲ ನೋಡಿದರು, ಗೊಣಗು ನಿಂತಿತು. ತುಂಡನ್ನು ಅತ್ತೆಯೇ ಕೂಡಿಸಿ, ಹಿಡಿಕೆಯನ್ನೂ ತಾವೇ ಎತ್ತಿದರು. ಆ ಹೊತ್ತಿನಲ್ಲಿ ಅವರ ಇನ್ನೊಂದು ಕೈ ಮಗನ ಎದೆಗೆ ಅಡ್ಡ ಇತ್ತು, ಬೆಂಕಿ ಬಂದರೆ ತನ್ನ ಕೈ ತಡೆಯುತ್ತದೆ ಎನ್ನುವ ಹಾಗೆ.

ಪಡಸಾಲೆ ಬೆಳಗಿತು. ಆದರೆ ಆ ಕಾಲದ ರೇಡಿಯೋ ಗುಂಡಿ ಒತ್ತಿದ ಕೂಡಲೇ ಮಾತಾಡುವ ಜಾತಿಯಲ್ಲ. ಅದು ಬಿಸಿಯಾಗಬೇಕು, ಧೂಳು ಸುಟ್ಟ ವಾಸನೆ ಬರಬೇಕು, ಗುರ್ ಎನ್ನಬೇಕು, ಆಮೇಲೆ ಮಾತು. ಮೊದಲು ಬಂದದ್ದು ಯಾರೋ ಪಂಜಾಬಿನವನ ದನಿ. ಸಿಪಾಯಿಗಳು ಶುರುವಾಗಿಬಿಟ್ಟಿದ್ದರು. ದಸ್ತಗೀರನ ಪಾಳಿ ಬಂದು ಹೋಗಿದೆಯೋ, ಇನ್ನೂ ಇದೆಯೋ ಹೇಳುವವರಿಲ್ಲ. ಒಬ್ಬ ಮುಗಿಸಿದ, ಇನ್ನೊಬ್ಬ ಬಂದ. ಅವನೂ ಅಲ್ಲ. ಮತ್ತೊಬ್ಬ ಮಾತು ಮರೆತು ಬರೀ ಕೆಮ್ಮಿ ಹೋದ. ಹುಸೇನಬಿ ಬುಟ್ಟಿಯೊಳಗಿನ ಬಳೆಗಳನ್ನು ಆಚೆ ಈಚೆ ಸರಿಸತೊಡಗಿದಳು.

ಆಮೇಲೆ ಹೆಸರು ಬಂತು. ದಸ್ತಗೀರ, ಗಾಂವ್ ತಿಕೋಟಾ, ಜಿಲ್ಲಾ ಬಿಜಾಪುರ.

ಮೊದಲು ಮಿಲಿಟರಿಯವರು ಕಲಿಸಿಕೊಟ್ಟ ಹಿಂದೂಸ್ತಾನಿಯಲ್ಲಿ ಗಿಣಿಪಾಠ ಒಪ್ಪಿಸಿದ. ಎಲ್ಲರಿಗೂ ಸಲಾಮು, ನಾನು ಕ್ಷೇಮ, ಚಿಂತೆ ಬೇಡ. ಅದು ಯಾರ ಮಗನಾದರೂ ಆಗಬಹುದಾದ ದನಿ. ಮುಗಿಯಿತು ಎಂದುಕೊಂಡೆವು. ಅಷ್ಟರಲ್ಲಿ ಯಾರೋ ಅವನನ್ನು ಹಿಂದಕ್ಕೆ ಎಳೆಯುತ್ತಿದ್ದಾರೇನೋ ಎನ್ನುವ ಹಾಗೆ ಗಡಬಡಿಸಿ, ತಿಕೋಟೆಯ ತನ್ನ ಮನೆಮಾತಿನಲ್ಲಿ ಅಂದ: “ಅಮ್ಮಾ, ಧೂಪ್ ಮೇ ನಕ್ಕೋ ಫಿರೋ.” ಬಿಸಿಲಿನಲ್ಲಿ ತಿರುಗಬೇಡಮ್ಮ.

ಹುಸೇನಬಿ ರೇಡಿಯೋಗೆ ಬಾಯಿ ಹಚ್ಚಿದಳು. ಗುಮ್ಮಟದ ಗೋಡೆಗೆ ಹಚ್ಚುವ ಹಾಗೆ. “ನೈ ಫಿರ್ತೂಂ ಬೇಟಾ”, ತಿರುಗುವುದಿಲ್ಲ ಮಗನೇ, ಎಂದಳು. ಅಷ್ಟೊತ್ತಿಗೆ ಒಳಗೆ ಬೇರೆ ಯಾರೋ ಮಾತಾಡುತ್ತಿದ್ದ. ಅವಳಿಗೆ ಅದರ ಪರಿವೆ ಇಲ್ಲ. ಊಟ ಮಾಡಿದೆಯಾ, ಕಾಲಿನ ಗಾಯ ವಾಸಿಯಾಯಿತಾ ಎಂದು ಒಂದರ ಮೇಲೊಂದು ಕೇಳುತ್ತಲೇ ಇದ್ದಳು. ನಮ್ಮವರು ತಮ್ಮ ಗುಮ್ಮಟದ ಪಾಠವನ್ನು ತಿದ್ದಲು ಬಾಯಿ ತೆರೆದರು. ಅತ್ತೆ ಅವರ ರಟ್ಟೆ ಚಿವುಟಿ, ಹುಸೇನಬಿಯ ಬೆನ್ನ ಮೇಲೆ ಕೈ ಇಟ್ಟರು.

“ಕೇಳ್ಯಾನ ಬಿಡು, ಕೇಳ್ಯಾನ.”

ಮರುದಿನ ಬನ್ನಿ ಬಂತು. ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಎನ್ನುವಾಗ ಅತ್ತೆ ಮಗನ ಕೈಯನ್ನು ಬಿಡಲೇ ಇಲ್ಲ. ಆ ದೀಪಾವಳಿ ಮುಗಿಯುವ ತನಕ ನಮ್ಮವರು ಒಂದು ಸೀನು ಸೀನಿದರೂ ಅತ್ತೆ ಹಣೆ ಮುಟ್ಟಿ ನೋಡುತ್ತಿದ್ದರು. ಕಷಾಯ ಕುಡಿದು ಕುಡಿದು ನಮ್ಮವರ ನಾಲಿಗೆ ಸುಟ್ಟುಹೋಯಿತು. ದೀಪಾವಳಿ ಬಂತು, ಹೋಯಿತು. ನಮ್ಮ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ.

ಲಡಾಯಿ ಮುಗಿದು ಬಾಬಲೇಶ್ವರದ ಆ ಹುಡುಗ ತಿರುಗಿ ಬಂದ. ದಸ್ತಗೀರ ಬರಲಿಲ್ಲ. ಎಲ್ಲೋ ಅಡವಿಯಲ್ಲಿ ಜ್ವರ ಬಂದು ಹೋದನಂತೆ. ಯಾವಾಗ ಎಂದು ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಆ ದನಿ ನಮ್ಮ ಪಡಸಾಲೆಗೆ ಬಂದಾಗ ಅವನು ಇದ್ದನೋ ಇಲ್ಲವೋ ಅದೂ ಗೊತ್ತಿಲ್ಲ. ಸುದ್ದಿ ತಿಳಿದ ದಿನ ಅತ್ತೆ ಬೀಸುವ ಕಲ್ಲಿನ ಮುಂದೆ ಕೂತವರು ಬೀಸಲಿಲ್ಲ. ಬಹಳ ಹೊತ್ತಿನ ಮೇಲೆ ನನ್ನನ್ನು ಕೇಳಿದರು: “ಪಾಪ ನನಗ ಬರ್ಲಿ ಅಂದಿದ್ನಲ್ಲ. ಅದು ದಾರಿ ತಪ್ಪಿ ಆಕಿ ಮನಿಗಿ ಹೋತೇನ?” ನಾನು ಎದುರಿಗೆ ಕೂತು ಕಲ್ಲಿನ ಗೂಟ ಹಿಡಿದು ಬೀಸತೊಡಗಿದೆ.

ಮುಂದೆ ಹುಸೇನಬಿ ಬಂದಾಗ, ಅವಳ ಕೈಯಲ್ಲಿ ಕೈ ಕೊಟ್ಟು ಬಳೆ ಇಡಿಸಿಕೊಳ್ಳುತ್ತಿದ್ದ ಅತ್ತೆ ಇದೇ ಮಾತನ್ನು ಅವಳನ್ನೇ ಕೇಳಿಬಿಟ್ಟರು. ಹುಸೇನಬಿ ಬಳೆಯನ್ನು ಗೆಣ್ಣಿನ ಮೇಲೆ ತಡೆದು ಹಿಡಿದಳು.

“ನೀವು ಅವತ್ತ ಎಬ್ಬಿಸಿದ್ರಿ ಅಂತ ನನಗ ಒಂದ ಮಾತರ ಸಿಕ್ಕೇತ್ರಿ ಅಕ್ಕಾರ. ಇಲ್ಲಂದ್ರ ನಾ ಏನ ಹಿಡಕೊಂಡು ಕುಂಡ್ರಬೇಕಿತ್ತು?”

ಹಾಗೆಂದು ಬಳೆಯನ್ನು ಒಳಗೆ ಏರಿಸಿದಳು. ಮುಂದಿನ ಖಂಡೆ ಪೂಜೆಯಿಂದ ಅತ್ತೆ ಫ್ಯೂಜಿಗೂ ಪೇಚಕಸಕ್ಕೂ ಹೂ ಏರಿಸಿದ ಕೂಡಲೇ ಎಬ್ಬಿಸಿಬಿಡುತ್ತಿದ್ದರು. ಯಾರಿಗೆ ಯಾವಾಗ ಬೇಕಾಗತೈತೋ ಎನ್ನುತ್ತಿದ್ದರು. ಹುಣಸೆಹಣ್ಣಿನ ಹತ್ತಿರ ಮಾತ್ರ ಅದನ್ನು ಮತ್ತೆ ಒಯ್ಯಲಿಲ್ಲ.

ಹುಸೇನಬಿ ಮಗನಿಗೆ ಕೊಟ್ಟ ಮಾತನ್ನು ಮುರಿಯಲಿಲ್ಲ. ಆ ರವಿವಾರದಿಂದ ಅವಳು ಬಿಸಿಲಿನಲ್ಲಿ ಬುಟ್ಟಿ ಹೊರಲಿಲ್ಲ. ಅವನು ಇಲ್ಲವೆಂದು ಗೊತ್ತಾದ ಮೇಲೂ ಹೊರಲಿಲ್ಲ. ಇಳಿಹೊತ್ತಿನ ಮೋಟಾರಿಗೆ ಬಂದು, ನೆರಳು ಬಿದ್ದ ಮೇಲೆ ಓಣಿ ತಿರುಗಿ, ರಾತ್ರಿ ತಂಗಿಯ ಮನೆಯಲ್ಲಿ ಉಳಿದು ಹೋಗುತ್ತಿದ್ದಳು. ವ್ಯಾಪಾರ ಅರ್ಧಕ್ಕರ್ಧ ಇಳಿಯಿತು. ವಾಡೆಯ ಹೆಂಗಸರೆಲ್ಲ ದೀಪದ ಬೆಳಕಿನಲ್ಲಿ ಬಳೆ ಆರಿಸಿ, ಹಸಿರು ಎಂದು ಇಟ್ಟುಕೊಂಡದ್ದು ಬೆಳಿಗ್ಗೆ ನೀಲಿಯಾಗಿ ಕಂಡರೂ ಯಾರೂ ತಿರುಗಿ ಕೊಡಲಿಲ್ಲ. ಚಿಕ್ಕಿ ಕಾಣುವ ತನಕ ಗುಂಡಿ ಮುಟ್ಟಗೊಡದಿದ್ದ ನಮ್ಮತ್ತೆ, ಅವಳು ಬರುವ ದಿನ ಹೊತ್ತು ಇನ್ನೂ ಮಾಳಿಗೆಯ ಮೇಲಿರುವಾಗಲೇ ಪಡಸಾಲೆಯ ದೀಪ ಹಚ್ಚಿ, ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.